ಹೇನಿಗೆ ತೋಟದ ಮದ್ದು ಬೇಡ

ಮಕ್ಕಳ ತಲೆಯಲ್ಲಿ ಹೇನಾಯಿತೆಂದು ತೋಟಕ್ಕೆ ತಂದ ಕೀಟನಾಶಕ ಹಚ್ಚುವವರು ಈಗಲೂ ಇದ್ದಾರೆ. ಬೇಡವೇ ಬೇಡ. ವಿಷ ಚರ್ಮದ ಮೂಲಕ ಮೈಗಿಳಿದರೆ ಮಗುವಿನ ಜೀವಕ್ಕೇ ಅಪಾಯ. ಸೀಮೆಎಣ್ಣೆಯೂ ಬೇಡ, ಬೆಂಕಿಯ ಭಯ.

ಹೇನು ಹಾರದು, ನೆಗೆಯದು; ತಲೆಗೆ ತಲೆ ತಾಗಿದಾಗ ಹರಿದು ದಾಟುತ್ತದೆ. ಕೂದಲ ಬುಡಕ್ಕೆ ಅಂಟಿದ ಸೀರು 7ರಿಂದ 10 ದಿನದಲ್ಲಿ ಒಡೆಯುತ್ತದೆ. ಮರಿ ಬಲಿತು ಮೊಟ್ಟೆಯಿಡಲು ಮತ್ತೆ ಅಷ್ಟೇ ದಿನ ಬೇಕು. ಅಷ್ಟರೊಳಗೆ ಅದನ್ನು ಹಿಡಿಯಬೇಕು.

ನಾನು ಮನೆಯಲ್ಲಿ ಮಾಡುವುದಿಷ್ಟೇ: ಕೂದಲಿಗೆ ತೆಂಗಿನೆಣ್ಣೆ ಧಾರಾಳ ಹಚ್ಚಿ, ಸೀರಣಿಗೆಯಲ್ಲಿ ಬುಡದಿಂದ ತುದಿವರೆಗೆ ಸ್ವಲ್ಪ ಸ್ವಲ್ಪವೇ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡುವುದು. 3 ದಿನಕ್ಕೊಮ್ಮೆ, 2 ವಾರ ಬಿಡದೆ. ಮನೆಮಂದಿಯ ತಲೆಯನ್ನೆಲ್ಲ ಅದೇ ದಿನ ನೋಡಬೇಕು.

ಇಷ್ಟಕ್ಕೂ ಹೋಗದಿದ್ದರೆ ಔಷಧಿ ಅಂಗಡಿಯಲ್ಲಿ ತಲೆಗೆಂದೇ ಸಿಗುವ ಶೇಕಡಾ 1ರ ಪರ್ಮೆತ್ರಿನ್ ಉಂಟು. ತೊಳೆದು ಒರೆಸಿದ ಕೂದಲಿಗೆ ಹಚ್ಚಿ 10 ನಿಮಿಷಕ್ಕೆ ತೊಳೆಯಿರಿ. ಸೀರು ಅದಕ್ಕೆ ಪೂರ್ತಿ ಸಾಯದು. ಹಾಗಾಗಿ 9ನೇ ದಿನ ಇನ್ನೊಮ್ಮೆ ಹಚ್ಚಲೇಬೇಕು. 2 ತಿಂಗಳೊಳಗಿನ ಶಿಶುವಿಗೆ ಇದು ಬೇಡ. ತೋಟದ ಡಬ್ಬಿಯಲ್ಲಿ ಇದೇ ಹೆಸರಿದ್ದರೂ ಅದು ತಲೆಗಲ್ಲ.

ಹೇನಾದದ್ದನ್ನು ಪಕ್ಕದ ಮನೆಗೂ ತಿಳಿಸಿ, ನಾಚಿಕೆ ಬೇಡ. ಅವರ ಮಕ್ಕಳ ತಲೆಯಲ್ಲಿ ಉಳಿದರೆ ನಮ್ಮ ಮಕ್ಕಳಿಗೆ ಪುನಃ ಬರುತ್ತದೆ.