ಹೊಸ ಕಾರು ಆಯಿಲ್ ಕುಡಿದರೆ

ಸಾಲಿಗ್ರಾಮದ ಗುರುನರಸಿಂಹನ ಎದುರು ಪೂಜೆ ಮಾಡಿಸಿದ ಕಾರು. ವರ್ಷವಾಗಲಿಲ್ಲ, ಆಗಲೇ ಆಯಿಲ್ ಕುಡಿಯುತ್ತಿದೆಯಾ?

ಮೊದಲು ಡಿಪ್‌ಸ್ಟಿಕ್ ನೋಡಿ ಮಾರಾಯ್ರೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಇಳಿಸಿ ಮತ್ತೆ ಎಳೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಓಡೋಮೀಟರ್ ಸಮೇತ ಫೋಟೊ ತೆಗೆದಿಡಿ.

ಪಿಸ್ಟನ್ ರಿಂಗ್ ಸರಿಯಾಗಿ ಕೂರುವವರೆಗೆ ಸ್ವಲ್ಪ ಆಯಿಲ್ ಸುಡುವುದುಂಟು. ಆದರೆ ನೀಲಿ ಹೊಗೆ ಬಂದರೆ ಸುಮ್ಮನಿರಬೇಡಿ. ಸರ್ವಿಸ್ ಸೆಂಟರ್‌ನವರು ‘ಇದೆಲ್ಲ ಮಾಮೂಲಿ ಸರ್’ ಎಂದರೆ, ಮ್ಯಾನುವಲ್‌ನಲ್ಲಿ ಮಿತಿ ಎಷ್ಟಿದೆ ತೋರಿಸಿ ಎನ್ನಿ. ಮಟ್ಟ ಅಳೆದು, 1000 ಕಿ.ಮೀ. ಓಡಿಸಿ ಮತ್ತೆ ಅಳೆಯುವ ಪರೀಕ್ಷೆ ಕೇಳಿ. ಜಾಬ್ ಕಾರ್ಡ್‌ನಲ್ಲಿ ಬರೆಸಿ, ಬಾಯಿಮಾತು ಲೆಕ್ಕಕ್ಕಿಲ್ಲ. ಒಪ್ಪದಿದ್ದರೆ ಉಡುಪಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ, 2 ವರ್ಷದೊಳಗೆ ಹೋಗಿ.

ಹಾಂ, ಹೆದ್ದಾರಿಯಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ‘ಕೋಟದವರೆಗೆ ಹೋಗುವಾ’ ಅನ್ನಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ.