ಶುಕ್ರವಾರ ರಾತ್ರಿ ರೈಲು, ಶನಿವಾರ ಕಾಮಿಕ್ ಕಾನ್: ಜೋಡಿಯಾಗಿ ಹೊರಡುವ ಮುನ್ನ ಇದಿಷ್ಟು ಗೊತ್ತಿರಲಿ

ಹೀಗೊಂದು ದೃಶ್ಯ ಊಹಿಸಿಕೊಳ್ಳಿ. ಚೆನ್ನೈ ಸೆಂಟ್ರಲ್‌, ಶುಕ್ರವಾರ ರಾತ್ರಿ ಹನ್ನೊಂದರ ಹೊತ್ತು. ಬೆಂಗಳೂರು ಮೇಲ್‌ನ ಸ್ಲೀಪರ್ ಬೋಗಿಯಲ್ಲಿ ಎಲ್ಲರ ಸೀಟಿನ ಕೆಳಗೂ ಟ್ರಾಲಿ ಬ್ಯಾಗು. ಒಂದು ಜೋಡಿಯ ಬಳಿ ಮಾತ್ರ ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿದ ನಾಲ್ಕಡಿ ಉದ್ದದ ಗಂಟು. "ಏನಮ್ಮಾ ಅದು, ಚಾಪೇನಾ?" ಎಂದು ಎದುರು ಸೀಟಿನ ಅಜ್ಜಿ ಕೇಳುತ್ತಾರೆ. "ಇಲ್ಲಾ ಅಜ್ಜಿ, ಕತ್ತಿ. ಫೋಮಲ್ಲಿ ಮಾಡಿದ್ದು" ಎಂದು ಆಕೆ ನಗುತ್ತಾಳೆ. ಪಕ್ಕದಲ್ಲಿ ಕೂತ ಗಂಡನಿಗೆ ನಗು ಬರುತ್ತಿಲ್ಲ. ಇಬ್ಬರದ್ದೂ ಆರ್‌ಎಸಿ ಟಿಕೆಟ್. ರಾತ್ರಿಯಿಡೀ ಸೈಡ್ ಲೋಯರ್‌ನಲ್ಲಿ ಇಬ್ಬರೂ ಕೂತು ಹೋಗಬೇಕು, ಜತೆಗೆ ಆ ಕತ್ತಿಯೂ ಮುರಿಯಬಾರದು.

ಮಹಾನಗರಗಳ ಯುವ ದಂಪತಿಗಳಲ್ಲಿ ಇಂಥ ವೀಕೆಂಡ್ ಪ್ರಯಾಣ ಈಗ ಅಪರೂಪವಲ್ಲ. ಆದರೆ ಮನೆಯಲ್ಲಿ ಹೇಳಿದರೆ "ಗೊಂಬೆ ವೇಷ ಹಾಕ್ಕೊಳ್ಳೋಕೆ ಬೆಂಗಳೂರಿಗೆ ಹೋಗ್ತೀರಾ?" ಎಂಬ ಪ್ರಶ್ನೆ ಗ್ಯಾರಂಟಿ. ಅಷ್ಟಕ್ಕೂ ಏನಿದು ಕಾಮಿಕ್ ಕಾನ್? ಇದಕ್ಕೆ ರೈಲು ಹತ್ತಿ ಹೋಗುವವರು ಎಡವುವುದೆಲ್ಲಿ? ನೋಡೋಣ.

ಮೊದಲ ಸಮಾವೇಶವೇ ಒಂದು ರೈಲು ಪ್ರಯಾಣ!

ಹೌದು, ಅಭಿಮಾನಿಗಳ ಸಮಾವೇಶ ಎಂಬ ಪರಿಕಲ್ಪನೆ ಶುರುವಾಗಿದ್ದೇ ರೈಲಿನಿಂದ. 1936ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಆರೇಳು ಮಂದಿ ವೈಜ್ಞಾನಿಕ ಕಥೆಗಳ ಹುಚ್ಚಿನ ಹುಡುಗರು ರೈಲು ಹತ್ತಿ ಫಿಲಡೆಲ್ಫಿಯಾಕ್ಕೆ ಹೋದರು. ಅಲ್ಲಿ ತಮ್ಮಂತೆಯೇ ಇದ್ದ ಇನ್ನಷ್ಟು ಹುಡುಗರನ್ನು ಒಬ್ಬರ ಮನೆಯಲ್ಲಿ ಭೇಟಿಯಾಗಿ, ಕೆಲವು ಗಂಟೆ ಹರಟಿ, "ಇದೇ ಮೊದಲ ವೈಜ್ಞಾನಿಕ ಕಥಾ ಸಮಾವೇಶ" ಎಂದು ತಾವೇ ಘೋಷಿಸಿಬಿಟ್ಟರು. ಆ ಗುಂಪಿನಲ್ಲಿ ಮುಂದೆ ದೊಡ್ಡ ಲೇಖಕನಾದ ಫ್ರೆಡರಿಕ್ ಪೋಲ್ ಕೂಡ ಇದ್ದರು.

ಮೂರು ವರ್ಷಗಳ ಬಳಿಕ, 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮಾವೇಶ ನಡೆಯಿತು. ದೂರದ ಲಾಸ್ ಏಂಜಲೀಸ್‌ನಿಂದ ಬಂದ ಫಾರೆಸ್ಟ್ ಆಕರ್‌ಮನ್ ಮತ್ತು ಅವರ ಗೆಳತಿ ಮರ್ಟಲ್ ಡಗ್ಲಸ್ ಭವಿಷ್ಯ ಕಾಲದ ಮನುಷ್ಯರಂತೆ ಉಡುಪು ತೊಟ್ಟಿದ್ದರು. ಕಾಸ್‌ಪ್ಲೇ ಇತಿಹಾಸ ಬರೆಯುವವರು ಶುರು ಮಾಡುವುದು ಇಲ್ಲಿಂದಲೇ. ಬಹುಕಾಲ ಹೆಸರು ಬಂದಿದ್ದು ಆಕರ್‌ಮನ್‌ಗೆ. ಆದರೆ ಎರಡೂ ಉಡುಪು ಹೊಲಿದವರು ಡಗ್ಲಸ್! ಇವತ್ತಿಗೂ ಎಷ್ಟೋ ಜೋಡಿಗಳಲ್ಲಿ ಒಬ್ಬರು ರಾತ್ರಿಯೆಲ್ಲ ಹೊಲಿಯುತ್ತಾರೆ, ಇನ್ನೊಬ್ಬರ ಫೋಟೊ ವೈರಲ್ ಆಗುತ್ತದೆ.

ಅಂದಹಾಗೆ 'ಕಾಸ್‌ಪ್ಲೇ' ಎಂಬ ಪದ ಹುಟ್ಟಿದ್ದು ಅಮೆರಿಕದಲ್ಲಲ್ಲ, ಜಪಾನಿನಲ್ಲಿ. 1983ರಲ್ಲಿ ನೊಬುಯುಕಿ ತಕಹಾಶಿ ಎಂಬವರು ಒಂದು ಪತ್ರಿಕಾ ಲೇಖನದಲ್ಲಿ ಈ ಪದ ಬಳಸಿದರು. ಕಾಸ್ಟ್ಯೂಮ್ ಮತ್ತು ಪ್ಲೇ ಎರಡನ್ನೂ ಕತ್ತರಿಸಿ ಅಂಟಿಸಿದ ಪದ ಅದು. ಕಾಮಿಕ್ ಕಾನ್ ಎಂದೊಡನೆ ನೆನಪಾಗುವ ಸ್ಯಾನ್ ಡಿಯಾಗೊ ಸಮಾವೇಶ ಶುರುವಾಗಿದ್ದು 1970ರಲ್ಲಿ, ಒಂದು ಹೋಟೆಲಿನಲ್ಲಿ. ಈಗ ಅಲ್ಲಿಗೆ ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ.

ಕಾರ್ಕಳದ ಅನಂತ ಪೈ ಮತ್ತು ದೆಹಲಿಯ ಮೊದಲ ಕಾಮಿಕ್ ಕಾನ್

ಭಾರತದಲ್ಲಿ ಕಾಮಿಕ್ ಕಾನ್ ಶುರುವಾಗಿದ್ದು 2011ರ ಫೆಬ್ರವರಿಯಲ್ಲಿ, ದೆಹಲಿ ಹಾತ್‌ನಲ್ಲಿ. ಜತಿನ್ ವರ್ಮಾ ಇದರ ಸ್ಥಾಪಕರು. ಆ ಮೊದಲ ಸಮಾವೇಶದಲ್ಲಿ ಜೀವಮಾನ ಸಾಧನೆ ಪ್ರಶಸ್ತಿ ಸಂದಿದ್ದು ಅಮರ ಚಿತ್ರ ಕಥೆಯ ಅನಂತ ಪೈ ಅವರಿಗೆ. ಕಾರ್ಕಳದಲ್ಲಿ ಹುಟ್ಟಿ, ಮುಂಬೈನಲ್ಲಿ ಬಾಳಿದ 'ಅಂಕಲ್ ಪೈ' ಅದೇ ತಿಂಗಳ 24ರಂದು ನಿಧನರಾದರು.

ಕನ್ನಡದ ನಂಟು ಇಲ್ಲಿಗೇ ಮುಗಿಯುವುದಿಲ್ಲ. ಹಳೆಯ ಅಮರ ಚಿತ್ರ ಕಥೆಗಳನ್ನು ಕೂಡಿಟ್ಟವರು ಗಮನಿಸಿರಬಹುದು, 'ಕೃಷ್ಣ' ಪುಸ್ತಕದ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಬಂದಿದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಪಾಶ್ಚಾತ್ಯ ಜಾನಪದ ಕಥೆಗಳು ಕನ್ನಡ ಕಾಮಿಕ್ಸ್ ಆಗಿ ಹೊರಬಂದವು. ಆಮೇಲೆ ಬಂದದ್ದು ಕೃಷ್ಣ. ಹಾಗಾಗಿ "ಕಾಮಿಕ್ಸ್ ನಮ್ಮದಲ್ಲ" ಎನ್ನುವ ಮಾವನವರಿಗೆ ಕೊಡಲು ಈ ಉತ್ತರ ಜೇಬಿನಲ್ಲಿರಲಿ.

ಬೆಂಗಳೂರಿನಲ್ಲಿ ಕಾಮಿಕ್ ಕಾನ್ 2012ರಿಂದ ನಡೆಯುತ್ತಿದೆ. ಬಹಳ ವರ್ಷಗಳಿಂದ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರವೇ ಇದರ ತಾಣ. ಕಾಮಿಕ್ಸ್ ಪ್ರಕಾಶಕರು, ಚಿತ್ರ ಕಲಾವಿದರ ಮಳಿಗೆಗಳು, ಅನಿಮೆ, ಗೇಮಿಂಗ್, ಸ್ಟ್ಯಾಂಡಪ್ ಎಲ್ಲವೂ ಒಂದೇ ಸೂರಿನಡಿ. ಇವೆಲ್ಲದರ ನಡುವೆ ವೇಷ ತೊಟ್ಟ ಸಾವಿರಾರು ಮಂದಿ. ಚೆನ್ನೈಗೆ ಕಾಮಿಕ್ ಕಾನ್ ಮೊದಲ ಬಾರಿ ಬಂದಿದ್ದು 2024ರ ಫೆಬ್ರವರಿಯಲ್ಲಷ್ಟೇ, ನಂದಂಬಾಕ್ಕಂನ ಟ್ರೇಡ್ ಸೆಂಟರ್‌ಗೆ. ಅಲ್ಲಿಯವರೆಗೆ ಚೆನ್ನೈ ಕನ್ನಡಿಗರಿಗೆ ಬೆಂಗಳೂರೇ ಹತ್ತಿರದ ಆಯ್ಕೆಗಳಲ್ಲೊಂದಾಗಿತ್ತು. ತವರಿನ ಊಟವೂ ಆಯಿತು ಎಂದುಕೊಂಡು ಈಗಲೂ ಬೆಂಗಳೂರಿಗೇ ಹೋಗುವವರಿದ್ದಾರೆ.

ಟಿಕೆಟ್: ಎರಡರಲ್ಲಿ ಯಾವುದು ಮೊದಲು?

ಬಹುತೇಕ ಜೋಡಿಗಳು ಎಡವುವುದು ಇಲ್ಲೇ. ಕಾಮಿಕ್ ಕಾನ್ ಟಿಕೆಟ್ ಬಿಟ್ಟ ದಿನವೇ ಖುಷಿಯಲ್ಲಿ ಎರಡು ಬುಕ್ ಮಾಡುತ್ತಾರೆ. ರೈಲಿನ ನೆನಪಾಗುವಾಗ ವೇಯ್ಟಿಂಗ್ ಲಿಸ್ಟ್ ಬೆಳೆದಿರುತ್ತದೆ. ರೈಲು ಕನ್ಫರ್ಮ್ ಆಗಲಿಲ್ಲವೆಂದು ಸಮಾವೇಶದ ಟಿಕೆಟ್ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಎರಡು ತಿಂಗಳು ಕೂತು ಮಾಡಿದ ವೇಷವಂತೂ ಮನೆಯ ಅಟ್ಟದಲ್ಲೇ ಉಳಿಯುತ್ತದೆ.

2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಸಮಾವೇಶದ ದಿನಾಂಕ ಪ್ರಕಟವಾದ ಕೂಡಲೇ ಹೋಗುವ ಮತ್ತು ಬರುವ ರೈಲುಗಳ ಬುಕಿಂಗ್ ತೆರೆಯುವ ದಿನ ಲೆಕ್ಕ ಹಾಕಿ, ಮೊಬೈಲ್‌ನಲ್ಲಿ ಅಲಾರಂ ಇಟ್ಟುಬಿಡಿ. ಬುಕಿಂಗ್ ಬೆಳಗ್ಗೆ 8ಕ್ಕೆ ಶುರು. 2025ರ ಅಕ್ಟೋಬರ್‌ನಿಂದ ಮೊದಲ 15 ನಿಮಿಷ ಆಧಾರ್ ದೃಢೀಕರಿಸಿದ ಖಾತೆಗಳಿಗಷ್ಟೇ ಆನ್‌ಲೈನ್ ಅವಕಾಶ ಎಂಬ ನಿಯಮ ಬಂತು. ತತ್ಕಾಲ್‌ಗೆ ಆಧಾರ್ ಅದೇ ವರ್ಷದ ಜುಲೈನಿಂದಲೇ ಕಡ್ಡಾಯ. ಹಾಗಾಗಿ ಇಬ್ಬರಲ್ಲಿ ಒಬ್ಬರ ಖಾತೆಗಾದರೂ ಆಧಾರ್ ಜೋಡಣೆಯಾಗಿರಲಿ, ಆ ಕೆಲಸ ಬುಕಿಂಗ್ ದಿನ ಬೆಳಗ್ಗೆ 7.55ಕ್ಕೆ ಬೇಡ. ತತ್ಕಾಲ್ ತೆರೆಯುವುದು ಪ್ರಯಾಣದ ಹಿಂದಿನ ದಿನ. ಎಸಿ ದರ್ಜೆಗೆ ಬೆಳಗ್ಗೆ 10, ಸ್ಲೀಪರ್‌ಗೆ 11.

ಇಬ್ಬರಿಗೂ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡುವುದು ಒಳ್ಳೆಯದು. ಬೇರೆ ಬೇರೆ ಮಾಡಿದರೆ ಒಬ್ಬರದ್ದು ಕನ್ಫರ್ಮ್, ಇನ್ನೊಬ್ಬರದ್ದು ವೇಯ್ಟಿಂಗ್ ಆದಾಗ ಪೇಚು. ಚಾರ್ಟ್ ಬಳಿಕವೂ ಪೂರ್ತಿ ವೇಯ್ಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನೇ ರದ್ದಾಗುತ್ತದೆ, ಅದನ್ನು ಹಿಡಿದು ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಒಬ್ಬರಿಗಷ್ಟೇ ಸಿಕ್ಕಿದ್ದರೆ, ನಿಗದಿತ ಸಮಯದೊಳಗೆ ಇಬ್ಬರ ಟಿಕೆಟನ್ನೂ ರದ್ದು ಮಾಡಿ ಅಥವಾ ಟಿಡಿಆರ್ ಸಲ್ಲಿಸಿ ಅಲ್ಪ ಶುಲ್ಕ ಕಳೆದು ಹಣ ವಾಪಸ್ ಪಡೆಯಬಹುದು.

ಒಂದು ಸಮಾಧಾನವಿದೆ. ಹಿಂದೆ ರೈಲು ಹೊರಡುವ 4 ಗಂಟೆ ಮೊದಲು ಚಾರ್ಟ್ ಆಗುತ್ತಿತ್ತು. 2025ರಿಂದ ಅದು 8 ಗಂಟೆ ಅಥವಾ ಇನ್ನೂ ಮುಂಚೆ ಸಿದ್ಧವಾಗುತ್ತಿದೆ. ಅಂದರೆ ಶುಕ್ರವಾರ ರಾತ್ರಿಯ ರೈಲಿನ ಹಣೆಬರಹ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ತಿಳಿಯುತ್ತದೆ, ಬಸ್ ಹುಡುಕಲು ಅರ್ಧ ದಿನ ಸಿಗುತ್ತದೆ. ಇನ್ನು ಆರ್‌ಎಸಿ ಬಂದರೆ ಹತ್ತಬಹುದು, ಸೈಡ್ ಲೋಯರ್ ಹಂಚಿಕೊಂಡು ಕೂರಬೇಕು. ಅಪರಿಚಿತರ ಜತೆ ಆರ್‌ಎಸಿ ಹಂಚಿಕೊಂಡವರನ್ನು ಕೇಳಿ, ಹೆಂಡತಿಯ ಜತೆ ಸಿಕ್ಕಿದ್ದೇ ಪುಣ್ಯ ಎನ್ನುತ್ತಾರೆ.

ಕತ್ತಿ ಹಿಡಿದು ರೈಲು ಹತ್ತಬಹುದಾ?

ಫೋಮ್, ರಟ್ಟು, ಥರ್ಮೋಕಾಲ್‌ನಲ್ಲಿ ಮಾಡಿದ್ದಾದರೆ ಅದೂ ಎಲ್ಲದರಂತೆ ಒಂದು ಲಗೇಜು. ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕೆ.ಜಿ. ಉಚಿತ. ತೂಕದಲ್ಲಿ ತೊಂದರೆಯಿಲ್ಲ, ತೊಂದರೆ ಇರುವುದು ಉದ್ದದಲ್ಲಿ. ಅನುಭವಿ ಕಾಸ್‌ಪ್ಲೇಯರ್‌ಗಳು ಕತ್ತಿ, ರೆಕ್ಕೆಗಳನ್ನು ಎರಡು ಮೂರು ತುಂಡಾಗಿ ಮಾಡಿ, ಒಳಗೆ ಪಿವಿಸಿ ಪೈಪ್ ಇಟ್ಟು, ಸ್ಥಳದಲ್ಲೇ ಜೋಡಿಸುತ್ತಾರೆ. ಲೋಹದ, ಹರಿತವಾದ ವಸ್ತು ಬೇಡವೇ ಬೇಡ. ರೈಲು ನಿಲ್ದಾಣದ ಪೊಲೀಸರು, ಮೆಟ್ರೊ ತಪಾಸಣೆ, ಸಮಾವೇಶದ ಗೇಟು, ಮೂರೂ ಕಡೆ ಉತ್ತರ ಕೊಡಬೇಕಾಗುತ್ತದೆ. ನಿಜವಾದ ಬಂದೂಕಿನಂತೆ ಕಾಣುವ ಆಟಿಕೆ ಇದ್ದರೆ ಕೈಯಲ್ಲಿ ಹಿಡಿದು ತಿರುಗದೆ ಬ್ಯಾಗಿನೊಳಗೇ ಇಡಿ. ಪ್ಲಾಟ್‌ಫಾರ್ಮಿನಲ್ಲಿ ಅದನ್ನು ಕಂಡು ಬೆಚ್ಚಿಬೀಳುವವರಿಗೆ ಅದು ಯಾವ ಅನಿಮೆಯದ್ದೆಂದು ಗೊತ್ತಿರುವುದಿಲ್ಲ.

ನಿಜವಾದ ಅಪಾಯ ಕತ್ತಿಯಲ್ಲಿಲ್ಲ, ರಿಪೇರಿ ಕಿಟ್‌ನಲ್ಲಿದೆ. ಫೋಮ್ ಅಂಟಿಸುವ ರಬ್ಬರ್ ಗಮ್, ಥಿನ್ನರ್, ಸ್ಪ್ರೇ ಪೇಂಟ್ ಡಬ್ಬಿ, ಇವೆಲ್ಲ ಬೇಗ ಬೆಂಕಿ ಹತ್ತಿಕೊಳ್ಳುವಂಥವು. ಇಂಥ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು ರೈಲ್ವೆ ಕಾಯ್ದೆ 1989ರ ಸೆಕ್ಷನ್ 164ರಡಿ ಅಪರಾಧ, ಮೂರು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಬೋಗಿಯಲ್ಲಿ ಮೊಬೈಲ್ ಚಾರ್ಜರ್ ಪಾಯಿಂಟಿಗೆ ಗ್ಲೂ ಗನ್ ಸಿಕ್ಕಿಸುವ ಐಡಿಯಾ ಕೂಡ ಬೇಡ. ಡಬಲ್ ಸೈಡ್ ಟೇಪ್, ಸೂಜಿ ದಾರ, ಸೇಫ್ಟಿ ಪಿನ್ ಇದ್ದರೆ ಒಂದು ದಿನ ದೂಡಬಹುದು. ಬೇಕಾದರೆ ಗಮ್ ಬೆಂಗಳೂರಿನಲ್ಲೇ ಕೊಳ್ಳಿ.

ವೇಷ ತೊಟ್ಟೇ ಪ್ರಯಾಣಿಸುವ ಆಸೆ ಕೆಲವರಿಗಿರುತ್ತದೆ. ಟೋಕಿಯೊದಲ್ಲಿ 1975ರಿಂದ ನಡೆಯುತ್ತಿರುವ ಬೃಹತ್ ಸಮಾವೇಶ ಕಾಮಿಕೆಟ್‌ನಲ್ಲಿ ಮನೆಯಿಂದಲೇ ವೇಷ ಹಾಕಿಕೊಂಡು ಬರುವುದಕ್ಕೇ ನಿಷೇಧವಿದೆ, ಅಲ್ಲಿಗೆ ಬಂದು ಬದಲಿಸಿಕೊಳ್ಳಬೇಕು. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೂ ಆರು ತಾಸಿನ ರೈಲಿನ ಸೆಕೆಯಲ್ಲಿ ವಿಗ್ ಮತ್ತು ಮೇಕಪ್ ಉಳಿಯುವುದಿಲ್ಲ.

ಬೆಳಗ್ಗೆ ನಾಲ್ಕೂವರೆಗೆ ಇಳಿದು ಮಾಡೋದೇನು?

ಬೆಂಗಳೂರು ಮೇಲ್ ಕೆಎಸ್‌ಆರ್ ನಿಲ್ದಾಣ ಮುಟ್ಟುವುದು ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ. ಸಮಾವೇಶದ ಬಾಗಿಲು ಸಾಮಾನ್ಯವಾಗಿ ತೆರೆಯುವುದು 11ರ ಸುಮಾರಿಗೆ. ಈ ಆರು ಗಂಟೆಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಕನ್ಫರ್ಮ್ ಅಥವಾ ಆರ್‌ಎಸಿ ಪಿಎನ್‌ಆರ್ ಇದ್ದರೆ ದೊಡ್ಡ ನಿಲ್ದಾಣಗಳ ರಿಟೈರಿಂಗ್ ರೂಮನ್ನು ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು. ಹೋಟೆಲಿಗಿಂತ ಅಗ್ಗ, ಸ್ನಾನಕ್ಕೂ ಒಂದು ನಿದ್ದೆಗೂ ಸಾಕು. ವೇಷ ಬೇಕಿಲ್ಲದವರು ಬ್ಯಾಗನ್ನು ಕ್ಲೋಕ್ ರೂಮಿನಲ್ಲಿಡಬಹುದು, ಆದರೆ ಬ್ಯಾಗಿಗೆ ಬೀಗ ಹಾಕಿರಬೇಕು, ಕೈಯಲ್ಲಿ ಟಿಕೆಟ್ ಇರಬೇಕು.

ನಿಲ್ದಾಣದ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೊ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟ–ವೈಟ್‌ಫೀಲ್ಡ್ ಪೂರ್ತಿ ಮಾರ್ಗ ಓಡುತ್ತಿರುವುದರಿಂದ ಇಲ್ಲಿ ಹತ್ತಿದರೆ ನಲ್ಲೂರುಹಳ್ಳಿ, ಸತ್ಯಸಾಯಿ ಆಸ್ಪತ್ರೆ ಆಸುಪಾಸಿನ ನಿಲ್ದಾಣಗಳಲ್ಲಿ ನೇರ ಇಳಿಯಬಹುದು. ಹಿಂದೆ ಶನಿವಾರದ ಟ್ರಾಫಿಕ್‌ನಲ್ಲಿ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಕ್ಯಾಬ್ ಹಿಡಿದವರಿಗೆ ಇದರ ಬೆಲೆ ಗೊತ್ತು. ಭಾನುವಾರ ಮಾತ್ರ ಮೆಟ್ರೊ ಶುರುವಾಗುವುದು ಬೆಳಗ್ಗೆ 7ಕ್ಕೆ. ದೊಡ್ಡ ಬ್ಯಾಗಿಗೆ ಪ್ರತ್ಯೇಕ ಶುಲ್ಕವೂ ಇದೆ.

ಪುಣೆಯವರ ಲೆಕ್ಕ ಬೇರೆ. ಅವರಿಗೆ ಮುಂಬೈ ಕಾಮಿಕ್ ಕಾನ್ ಒಂದೇ ದಿನದ ಮಾತು. ಬೆಳಗ್ಗೆ 7.15ರ ಡೆಕ್ಕನ್ ಕ್ವೀನ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ, ಅಲ್ಲಿಂದ ಮೆಟ್ರೊ 3ರಲ್ಲಿ ನೇರ ಬಿಕೆಸಿ. ಆದರೆ ಅದೇ ರೈಲು ವಾಪಸ್ ಹೊರಡುವುದು ಸಂಜೆ 5.10ಕ್ಕೆ, ಹಾಗಾಗಿ ಸಂಜೆಯ ಕಾರ್ಯಕ್ರಮಗಳ ಆಸೆ ಬಿಡಬೇಕು.

ಒಬ್ಬರು ಫ್ಯಾನ್, ಇನ್ನೊಬ್ಬರು 'ಜತೆಗೆ ಬಂದವರು'

ಇಬ್ಬರಿಗೂ ಸಮಾನ ಹುಚ್ಚು ಇರುವ ಜೋಡಿ ಕಡಿಮೆ. ಒಬ್ಬರು ವೇಷದಲ್ಲಿ ಫೋಟೊಗೆ ನಿಂತಿದ್ದರೆ ಇನ್ನೊಬ್ಬರು ನೀರಿನ ಬಾಟಲಿ, ಚಪ್ಪಲಿ, ಪವರ್ ಬ್ಯಾಂಕ್ ಹಿಡಿದು ಕಾಯುತ್ತಾರೆ. ಎರಡು ದಿನವೂ ಹೀಗೇ ಆದರೆ ವಾಪಸ್ ರೈಲಿನಲ್ಲಿ ಮಾತು ಬಂದ್. ಒಂದೇ ದಿನದ ಟಿಕೆಟ್ ಕೊಂಡು, ಇನ್ನೊಂದು ದಿನವನ್ನು ಜತೆಗೆ ಬಂದವರ ಇಷ್ಟಕ್ಕೆ ಬಿಡುವುದು ಮೇಲು. ಬಸವನಗುಡಿಯ ದೋಸೆಯೋ ಚಿಕ್ಕಮ್ಮನ ಮನೆಯೋ, ಅವರೇ ಆರಿಸಿಕೊಳ್ಳಲಿ.

ಜತೆಗೆ ಬಂದವರಿಗೆ ಒಂದು ಕೆಲಸವಂತೂ ಖಂಡಿತ ಇದೆ. ವೇಷ ತೊಟ್ಟವರ ಮೈಮುಟ್ಟಿ, ಕೇಳದೆ ಫೋಟೊ ತೆಗೆಯುವವರು ಎಲ್ಲ ಕಡೆಯೂ ಇದ್ದಾರೆ. 'ಕಾಸ್‌ಪ್ಲೇ ಎಂದರೆ ಒಪ್ಪಿಗೆಯಲ್ಲ' ಎಂಬ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲೇ ಹಾಕಿತ್ತು. ವಿಗ್ ಮತ್ತು ಮುಖವಾಡದೊಳಗಿನಿಂದ ಅಕ್ಕಪಕ್ಕ ಸರಿಯಾಗಿ ಕಾಣುವುದಿಲ್ಲ, ಕೇಳುವುದಿಲ್ಲ. ಆಗ ಪಕ್ಕದಲ್ಲೊಬ್ಬರು "ಕೇಳಿ ತೆಗೀರಿ" ಎಂದು ಹೇಳುವವರಿದ್ದರೆ ಅದೇ ದೊಡ್ಡ ಧೈರ್ಯ.

ಭಾನುವಾರ ರಾತ್ರಿ ಎಲ್ಲಿ ಹತ್ತಬೇಕು?

ವಾಪಸಾತಿಗೆ ವೈಟ್‌ಫೀಲ್ಡ್‌ನಿಂದ ಮತ್ತೆ ಮೆಜೆಸ್ಟಿಕ್‌ವರೆಗೆ ಹೋಗುವ ಅಗತ್ಯವಿಲ್ಲ. ಚೆನ್ನೈ ಕಡೆಯ ಹಲವು ರೈಲುಗಳು ಕೃಷ್ಣರಾಜಪುರದಲ್ಲಿ ನಿಲ್ಲುತ್ತವೆ, ಅದೇ ನೇರಳೆ ಮಾರ್ಗದ ಕೆ.ಆರ್. ಪುರ ಮೆಟ್ರೊ ನಿಲ್ದಾಣವೂ ಹತ್ತಿರದಲ್ಲೇ ಇದೆ. ಆದರೆ ಬುಕ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಎಂದು ಕೆ.ಆರ್. ಪುರ ಆರಿಸಿ. ಕೆಎಸ್‌ಆರ್ ಎಂದೇ ಬಿಟ್ಟು ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ಅಷ್ಟರಲ್ಲಿ ಟಿಟಿಇ ನಿಮ್ಮ ಬರ್ತ್ ಬೇರೆಯವರಿಗೆ ಕೊಟ್ಟಿರಬಹುದು.

ರಾತ್ರಿ ರೈಲು ಹಿಡಿದರೆ ಸೋಮವಾರ ಬೆಳಗಿನ ಜಾವ ಚೆನ್ನೈ. ಒಂಬತ್ತಕ್ಕೆ ಆಫೀಸ್ ಲಾಗಿನ್‌. ಸೋಮವಾರ ಅರ್ಧ ದಿನ ರಜೆ ಹಾಕಿಟ್ಟುಕೊಳ್ಳುವುದು ಒಳಿತು, ಮುಖದ ಬಣ್ಣ ಪೂರ್ತಿ ಹೋಗಲು ಎರಡು ಸಲವಾದರೂ ತೊಳೆಯಬೇಕಾಗುತ್ತದೆ.