ಕಾಲೇಜಿಗೆ ಹೊರಟವರಿಗೆ ಮೆನಿಂಜೈಟಿಸ್ ಲಸಿಕೆ: ಯಾವಾಗ?

ಮಗಳಿಗೆ ಅಮೆರಿಕದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅಲ್ಲಿಂದ ಬಂದ ಕಾಗದಗಳ ನಡುವೆ ಲಸಿಕೆಗಳ ಪಟ್ಟಿಯೊಂದಿದೆ. ಅದರಲ್ಲಿ ‘ಮೆನಿಂಗೊಕಾಕಲ್’ ಎಂಬ ಹೆಸರು. ವಿಮಾನ ಹತ್ತಲು ವಾರವಿರುವಾಗ ಇದನ್ನು ಹುಡುಕಿಕೊಂಡು ಊರೆಲ್ಲಾ ಸುತ್ತುವ ತಂದೆತಾಯಿಯರಲ್ಲಿ ನೀವೂ ಒಬ್ಬರಾಗಬೇಡಿ.

ಮೆನಿಂಜೈಟಿಸ್ ಎಂದರೆ ಮಿದುಳು ಹಾಗೂ ಬೆನ್ನುಹುರಿಯನ್ನು ಸುತ್ತಿರುವ ಪೊರೆಯ ಉರಿಯೂತ. (ಕೋಲಾರ, ಬಳ್ಳಾರಿ ಕಡೆ ಸೊಳ್ಳೆಯಿಂದ ಬರುವ ಮೆದುಳು ಜ್ವರ ಬೇರೆ, ಅದರ ಲಸಿಕೆಯೂ ಬೇರೆ.) ಇಲ್ಲಿ ಹೇಳುತ್ತಿರುವುದು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ತರುವ ರೋಗದ ವಿಷಯ. ಸುಮಾರು ಹತ್ತರಲ್ಲಿ ಒಬ್ಬರ ಗಂಟಲಿನಲ್ಲಿ ಇದು ತೆಪ್ಪಗೆ ಇರುತ್ತದೆ. ಹದಿಹರೆಯದವರಲ್ಲಿ ಇನ್ನೂ ಹೆಚ್ಚು. ದಾಟುವುದು ಎಂಜಲಿನಿಂದ, ಒಂದೇ ಕೋಣೆಯ ವಾಸದಿಂದ. ಎಂಜಲು ಲೋಟ ಬೇಡವೆನ್ನುವ ಅಜ್ಜಿಯ ಮಾತು ಹಾಸ್ಟೆಲಿನಲ್ಲೂ ಸಲ್ಲುತ್ತದೆ. ರೋಗ ಅಪರೂಪ ನಿಜ. ಆದರೆ ಬಂದರೆ, ಚಿಕಿತ್ಸೆ ದೊರೆತರೂ, ನೂರರಲ್ಲಿ 10ರಿಂದ 15 ಮಂದಿ ಬದುಕುವುದಿಲ್ಲ. ಉಳಿದವರಲ್ಲಿ ಕೆಲವರು ಕಿವಿ ಅಥವಾ ಕೈಕಾಲು ಕಳೆದುಕೊಳ್ಳುತ್ತಾರೆ.

ಎ, ಸಿ, ಡಬ್ಲ್ಯು, ವೈ ಎಂಬ ನಾಲ್ಕು ಬಗೆಗಳಿಗೆ ಒಂದೇ ಲಸಿಕೆಯಿದೆ. ಅಮೆರಿಕದಲ್ಲಿ 2005ರಲ್ಲಿ ಇದನ್ನು 11–12ನೇ ವಯಸ್ಸಿಗೆ ಶಿಫಾರಸು ಮಾಡಿದರು. ರಕ್ಷಣೆ ಹತ್ತು ವರ್ಷ ಉಳಿಯುವುದೆಂಬ ಎಣಿಕೆ. ಆದರೆ ಐದು ವರ್ಷಗಳಲ್ಲೇ ಅದು ಇಳಿಯುವುದು ಕಂಡುಬಂತು, ಅದೂ ಮಕ್ಕಳು ಅಪಾಯದ ವಯಸ್ಸಿಗೆ ಕಾಲಿಡುವ ಹೊತ್ತಿಗೆ! ಹೀಗಾಗಿ 2010ರಲ್ಲಿ 16ಕ್ಕೆ ಮತ್ತೊಂದು ಡೋಸ್ ಸೇರಿಸಿದರು.

ನಮಗಿರುವ ಅನುಕೂಲ ಇಲ್ಲೇ. ನಮ್ಮ ಸರ್ಕಾರದ ಲಸಿಕಾ ಪಟ್ಟಿಯಲ್ಲಿ ಇದಿಲ್ಲ. ಹೆಚ್ಚಿನ ಮಕ್ಕಳಿಗೆ ಇದು ಮೊದಲ ಡೋಸೇ. 16 ತುಂಬಿದ ಮೇಲೆ ಹಾಕಿಸಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಒಂದೇ ಸಾಕು. ಬಹಳಷ್ಟು ಕಾಲೇಜುಗಳು ಕೇಳುವುದೂ ಕಳೆದ ಐದು ವರ್ಷದೊಳಗಿನ ಡೋಸನ್ನೇ. ರೋಧಶಕ್ತಿ ಬೆಳೆಯಲು ಸಮಯ ಬೇಕು, ಆದ್ದರಿಂದ ಹಾಸ್ಟೆಲ್ ಸೇರುವ ದಿನಕ್ಕೆ ಕನಿಷ್ಠ ಎರಡು ವಾರ ಮೊದಲು ಹಾಕಿಸಿ. ತಾರೀಖು ಬರೆಸಿ, ವೈದ್ಯರ ರುಜು ಹಾಕಿಸುವುದನ್ನು ಮರೆಯಬೇಡಿ.

ಈ ಲಸಿಕೆ ‘ಬಿ’ ಬಗೆಯನ್ನು ತಡೆಯದು. 2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹಬ್ಬಿದ್ದು ಇದೇ ಬಗೆ. ಅಮೆರಿಕದಲ್ಲಿ ಆಗ ಅದಕ್ಕೆ ಲಸಿಕೆಯೇ ಇರಲಿಲ್ಲ, ಯುರೋಪಿನಿಂದ ತರಿಸಬೇಕಾಯಿತು. ಈಗ ಇದೆ. ಡೋಸ್‌ಗಳ ನಡುವೆ ತಿಂಗಳುಗಳ ಅಂತರ ಬೇಕಾದ್ದರಿಂದ, ಬೇಕೋ ಬೇಡವೋ ಎಂದು ಕಾಲೇಜಿನ ಆರೋಗ್ಯ ಕೇಂದ್ರವನ್ನು ಸೀಟು ಖಚಿತವಾದೊಡನೆ ಕೇಳಿ.

ಲಸಿಕೆ ಆಗಿದ್ದರೂ ಜ್ವರ, ತೀವ್ರ ತಲೆನೋವು, ಬಗ್ಗದ ಕುತ್ತಿಗೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಕಲೆಗಳು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗುವಂತೆ ಮಕ್ಕಳಿಗೆ ಹೇಳಿ ಕಳಿಸಿ.